ಗಣಕಯಂತ್ರದೊಳಗಣ ಗ್ರಂಥಭಂಡಾರ: ಜೋಡಣೆಯ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಉಪದೇಶಿಗಳ ಹಾಗೂ ಯುವಜನರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಇತಿಹಾಸವನ್ನು ಹಿರಿಯರು ಈಗಾಗಲೇ ಸವಿಸ್ತಾರವಾಗಿ ನಿರೂಪಿಸಿದ್ದಾರೆ. ನಾವು ಆ ವಿಷಯಕ್ಕೆ ಕೈಹಾಕುವುದಿಲ್ಲ. ಗುರುನಿವಾಸದ ಗಣಕಯಂತ್ರದಲ್ಲಿ ಬೈಬಲ್ ಅಧ್ಯಯನದ ತಂತ್ರಾಂಶವೊಂದಿದ್ದು, ಅದರೊಳಗೆ ನೂರಾರು ಗ್ರಂಥಗಳು ಸೇರಿಕೊಂಡಿರುವುದನ್ನು ನೀವು ಬಲ್ಲಿರಿ. ಅವುಗಳನ್ನು ಅಣಿಗೊಳಿಸುವ ಕೆಲಸದಲ್ಲಿ ನಿಮ್ಮ ನೆರವು ಬೇಕಾಗಿರುವುದರಿಂದ ಅದರ ಬಗ್ಗೆಯೇ ನಾಲ್ಕು ಮಾತುಗಳನ್ನು ನಿವೇದಿಸಬಯಸುತ್ತೇವೆ.

ಪವಿತ್ರ ಗ್ರಂಥಕ್ಕೂ ಯಂತ್ರಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಧರ್ಮಸಭೆಗೆ ಈ ಕೆಲಸ ಹೊಸದೇನಲ್ಲ. ಮೂರನೆಯ ಶತಮಾನದಲ್ಲಿ ಒರಿಗೆನ್ ಪಂಡಿತನು ಹಳೆಯ ಒಡಂಬಡಿಕೆಯ ಹೀಬ್ರೂ ಮೂಲವನ್ನೂ ಗ್ರೀಕ್ ಅನುವಾದಗಳನ್ನೂ ಆರು ಕಂಬಸಾಲುಗಳಲ್ಲಿ ಅಕ್ಕಪಕ್ಕ ಬರೆಯಿಸಿದನು. ಇಂದು ತೆರೆಯ ಮೇಲೆ ಎರಡು ಅನುವಾದಗಳನ್ನು ಒಟ್ಟಿಗೆ ಬಿಚ್ಚಿಡುವಾಗ ನಾವು ಮಾಡುವುದೂ ಅದನ್ನೇ. 13ನೇ ಶತಮಾನದಲ್ಲಿ ಪ್ಯಾರಿಸ್ಸಿನ ದೊಮಿನಿಕನ್ ಸಭೆಯವರು ಸೇಂಟ್-ಷೇರಿನ ಹ್ಯೂ ಅವರ ನೇತೃತ್ವದಲ್ಲಿ ಲತೀನ್ ಬೈಬಲ್ಲಿನ ಪದಾನುಕ್ರಮಣಿಕೆಯನ್ನು ಸಿದ್ಧಪಡಿಸಿದರು. ಇನ್ನು ಗಣಕಯಂತ್ರವನ್ನೇ ಈ ಸೇವೆಗೆ ಮೊದಲು ಎಳೆತಂದವರಲ್ಲೊಬ್ಬರು ಯೇಸುಸಭೆಯ ಗುರುಗಳಾದ ರೊಬೆರ್ತೊ ಬುಸಾ.

ಈ ಮಹನೀಯರ ಕಥೆ ಸ್ವಾರಸ್ಯಕರವಾದುದು. ಸಂತ ತೋಮಾಸ್ ಅಕ್ವಿನಾಸರ ಕೃತಿಗಳಲ್ಲಿ ಸಾನ್ನಿಧ್ಯದ ಕಲ್ಪನೆಯನ್ನು ಕುರಿತು ಅವರು ಸಂಶೋಧನೆ ಕೈಗೊಂಡರು. ಹುಡುಕುತ್ತ ಹೋದಂತೆ, ತಿರುಳು ಇರುವುದು ದೊಡ್ಡ ಪಾರಿಭಾಷಿಕ ಪದಗಳಲ್ಲಲ್ಲ, ‘ಒಳಗೆ’ ಎಂಬರ್ಥದ ‘ಇನ್’ ಎಂಬ ಪುಟ್ಟ ಲತೀನ್ ಪದದಲ್ಲಿ ಎಂಬುದು ಹೊಳೆಯಿತು. ಅದಕ್ಕಾಗಿ ಸುಮಾರು 10,000 ಚೀಟಿಗಳನ್ನು ಕೈಯಿಂದಲೇ ಬರೆದರು. 1949ರಲ್ಲಿ ಅಮೆರಿಕೆಗೆ ಹೋಗಿ ಐ.ಬಿ.ಎಂ. ಸಂಸ್ಥೆಯ ಮುಖ್ಯಸ್ಥ ತಾಮಸ್ ವಾಟ್ಸನ್ನರನ್ನು ಕಂಡು ನೆರವು ಪಡೆದರು. ಒಂದು ಕೋಟಿಗೂ ಮಿಕ್ಕಿದ ಪದಗಳ ಆ ಅನುಕ್ರಮಣಿಕೆ 56 ಸಂಪುಟಗಳಾಗಿ ಮುದ್ರಣಗೊಂಡು ಮುಗಿದದ್ದು 1980ರಲ್ಲಿ. ಯಂತ್ರವಿದ್ದೂ ಮೂವತ್ತು ವರ್ಷ ಏಕೆ ಬೇಕಾಯಿತು? ಯಂತ್ರವು ಪದಗಳನ್ನು ಎಣಿಸಬಲ್ಲುದೇ ಹೊರತು, ಯಾವ ರೂಪ ಯಾವ ಮೂಲಪದಕ್ಕೆ ಸೇರಿದ್ದೆಂಬುದನ್ನು ಮನುಷ್ಯರೇ ಕುಳಿತು ತೀರ್ಮಾನಿಸಬೇಕಾಗಿತ್ತು.

ನಮ್ಮ ಭಂಡಾರದ ಸ್ಥಿತಿಯೂ ಇದೇ. ಲೋಗೋಸ್ ಎಂಬ ತಂತ್ರಾಂಶ 1992ರಲ್ಲಿ ಅಮೆರಿಕೆಯಲ್ಲಿ ಹುಟ್ಟಿತು. ಕಥೋಲಿಕರಿಗಾಗಿ ಅದೇ ಬಳಗ ಹೊರತಂದ ರೂಪಕ್ಕೆ ವೆರ್ಬುಮ್ ಎಂದು ಹೆಸರು. ಇವುಗಳಲ್ಲಿ ಗ್ರಂಥಗಳನ್ನು ಒಂದೊಂದಾಗಿ ಕೊಳ್ಳುವುದಕ್ಕಿಂತ ಗಂಟುಗಂಟಾಗಿ ಕೊಳ್ಳುವುದೇ ಹೆಚ್ಚು. ಗಂಟು ಬಿಚ್ಚಿದಾಗ ಸಂತ ಅಗಸ್ಟೀನರೂ ಇರುತ್ತಾರೆ, ನಾವು ಹೆಸರು ಕೇಳದವರೂ ಇರುತ್ತಾರೆ. ಶುಭಸಂದೇಶದ ಒಂದು ವಚನವನ್ನು ಕೊಟ್ಟು ವ್ಯಾಖ್ಯಾನ ತೋರಿಸೆಂದರೆ ಸಾಲುಗಟ್ಟಿ ಬರುತ್ತಾರೆ. ಮೊದಲು ಬರುವವರು ಯಾರು? ಪ್ರಶ್ನೆ ಇರುವುದು ಇಲ್ಲಿಯೇ. ಶನಿವಾರ ರಾತ್ರಿ ಹತ್ತು ಗಂಟೆಗೆ ಪ್ರಬೋಧನೆ ಸಿದ್ಧಪಡಿಸುವ ಗುರುವು (ಅಂಥವರು ಇಲ್ಲವೆಂದು ಯಾರೂ ಹೇಳಲಾರರು) ಸಾಲಿನ ಮೊದಲ ಇಬ್ಬರನ್ನು ಓದಿ ಮಲಗುತ್ತಾನೆ. ಭಾನುವಾರ ಪೀಠದಿಂದ ಜನ ಕೇಳುವುದು ಆ ಇಬ್ಬರ ದನಿಯನ್ನೇ.

ಆದುದರಿಂದ ತಂತ್ರಾಂಶದಲ್ಲಿರುವ ಆದ್ಯತೆಯ ಪಟ್ಟಿಯನ್ನು ಮೊಟ್ಟಮೊದಲು ಭರ್ತಿಮಾಡಬೇಕು. ಅದರ ತುದಿಯಲ್ಲಿ ಏಳು ಗ್ರಂಥಗಳೂ ಸೇರಿ 73 ಗ್ರಂಥಗಳುಳ್ಳ ಬೈಬಲ್ ಇರಲಿ. ಪವಿತ್ರ ಕುಟುಂಬದ ಹಬ್ಬದಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ವಾಚನವಾಗಿ ಬರುವುದುಂಟು. 66 ಗ್ರಂಥಗಳ ಬೈಬಲನ್ನೇ ಮೊದಲಿಟ್ಟವರಿಗೆ ಅಲ್ಲಿ ಅದು ಸಿಕ್ಕದು. ಕೀರ್ತನೆಗಳ ಸಂಖ್ಯೆಯಲ್ಲೂ ಎಚ್ಚರ ಬೇಕು. ಕುರಿಗಾಹಿಯ ಕೀರ್ತನೆ ಹೀಬ್ರೂ ಎಣಿಕೆಯಲ್ಲಿ 23, ಲತೀನ್ ವುಲ್ಗಾತದಲ್ಲಿ 22. ಹಳೆಯ ಪುಸ್ತಕವೊಂದು 22 ಎಂದರೆ ಅಚ್ಚಿನ ತಪ್ಪೆಂದು ತಿಳಿಯಬಾರದು. ವ್ಯಾಖ್ಯಾನಗಳ ಪೈಕಿ ನಾಲ್ಕು ಶುಭಸಂದೇಶಗಳಿಗೆ ಸಂತ ತೋಮಾಸರ ‘ಕತೇನಾ ಔರೆಯಾ’ ಮೇಲಿರಲಿ ಎಂಬುದು ನಮ್ಮ ಅಭಿಪ್ರಾಯ. ಪೂರ್ವಿಕ ಆಚಾರ್ಯರ ಮಾತುಗಳನ್ನು ವಚನದಿಂದ ವಚನಕ್ಕೆ ಪೋಣಿಸಿದ ಆ ಕೃತಿ ತಾನೇ ಒಂದು ಗ್ರಂಥಭಂಡಾರ. ಹಾಗೆಂದು ಇಂಗ್ಲೆಂಡಿನ ಮ್ಯಾಥ್ಯೂ ಹೆನ್ರಿಯಂಥ ಪ್ರೊಟೆಸ್ಟಂಟ್ ಸಹೋದರರನ್ನು ಹೊರಗಟ್ಟುವುದು ಬೇಡ. ಅವರಿಂದ ಕಲಿಯುವುದು ಬಹಳವಿದೆ. ಆದರೆ ಯಾರು ಯಾವ ಪರಂಪರೆಯವರೆಂಬುದು ಓದುವವನಿಗೆ ಗೊತ್ತಿರಬೇಕು. ಅದಕ್ಕಾಗಿಯೇ ಪ್ರತಿ ಪುಸ್ತಕಕ್ಕೂ ಗುರುತುಚೀಟಿ ಅಂಟಿಸುವ ಸೌಲಭ್ಯವಿದೆ.

ಗುರುತುಚೀಟಿಗಳನ್ನು ಮಿತವಾಗಿ ಬಳಸಿರಿ. 1969ರ ವಾಚನಕ್ರಮದಂತೆ ಭಾನುವಾರಗಳು ಮೂರು ವರ್ಷಕ್ಕೊಮ್ಮೆ ಸುತ್ತಿಬರುತ್ತವೆ: ಮತ್ತಾಯ, ಮಾರ್ಕ, ಲೂಕ. ಆ ಮೂರಕ್ಕೆ ಮೂರು ಚೀಟಿ, ಯೊವಾನ್ನನಿಗೊಂದು, ಧರ್ಮೋಪದೇಶಕ್ಕೊಂದು, ಪರಂಪರೆಯನ್ನು ತಿಳಿಸಲು ಎರಡು ಮೂರು. ಇಷ್ಟು ಸಾಕು. ಉಳಿದುದನ್ನು ಸಂಗ್ರಹಗಳು ನೋಡಿಕೊಳ್ಳುತ್ತವೆ. ಸಂಗ್ರಹವೆಂದರೆ, ಇಂಥ ಬಗೆಯ, ಇಂಥ ಚೀಟಿಯುಳ್ಳ ಪುಸ್ತಕಗಳೆಲ್ಲ ಒಂದೆಡೆ ಬರಲಿ ಎಂದು ನಿಯಮ ಬರೆದಿಡುವುದು. ಮುಂದೆ ಕೊಂಡ ಪುಸ್ತಕವೂ ನಿಯಮಕ್ಕೆ ಹೊಂದಿದರೆ ತಾನಾಗಿಯೇ ಅಲ್ಲಿ ಬಂದು ಕೂರುತ್ತದೆ. ಹೊಂದಿಯೂ ಬೇಡವಾದುದನ್ನು ಕೈಯಿಂದ ಹೊರಗಿಡಬೇಕು.

ಕನ್ನಡದ ವಿಷಯದಲ್ಲಿ ಶ್ರಮ ಹೆಚ್ಚು. ನಮ್ಮಲ್ಲಿರುವ ಪ್ರಬೋಧನೆಗಳೂ ಪಾಠಗಳೂ ಬಹುಪಾಲು ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅವು ಕನ್ನಡವಲ್ಲ. ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿದ ಮೇಲೆ ಮಾತ್ರ ಹುಡುಕಾಟಕ್ಕೆ ಸಿಕ್ಕುತ್ತವೆ. ಆಮೇಲೂ ‘ಕರುಣೆ’ ಎಂದು ಹುಡುಕಿದರೆ ‘ಕರುಣಿಸು’, ‘ಕರುಣಾಮಯ’ ಸಿಕ್ಕದೆ ಹೋಗಬಹುದು. ಬುಸಾ ಗುರುಗಳ ಕಷ್ಟ ಕನ್ನಡದಲ್ಲಿ ಇನ್ನೂ ಹಿರಿದು. ಯುವಜನರು ಈ ತಿದ್ದುವ ಕೆಲಸವನ್ನು ಹಂಚಿಕೊಂಡರೆ ಉಪದೇಶಿಗಳಿಗೆ ಮಹದುಪಕಾರವಾದೀತು.

ಇನ್ನೊಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಗುರುನಿವಾಸದ ಮರದ ಕಪಾಟಿನ ಪುಸ್ತಕಗಳನ್ನು ಹಿಂದಿನ ಗುರುಗಳು ಬಿಟ್ಟುಹೋದರು, ನಾವು ಓದಿದೆವು. ತಂತ್ರಾಂಶದಲ್ಲಿ ಕೊಳ್ಳುವುದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು; ಅದೂ ಒಬ್ಬರ ಹೆಸರಿನ ಖಾತೆಗೆ. ಧರ್ಮಾಧ್ಯಕ್ಷರು ನಮ್ಮನ್ನು ಬೇರೆಡೆಗೆ ವರ್ಗಾಯಿಸಿದ ದಿನ ಆ ಭಂಡಾರ ನಮ್ಮೊಡನೆ ಹೊರಟುಹೋಗುತ್ತದೆ, ಕಪಾಟು ಇಲ್ಲೇ ನಿಲ್ಲುತ್ತದೆ. ಆದಕಾರಣ ಯಾವುದು ಗುರುವಿನದು, ಯಾವುದು ಧರ್ಮಕೇಂದ್ರದ್ದು ಎಂಬುದನ್ನು ಈಗಲೇ ವಿಂಗಡಿಸತಕ್ಕದ್ದು. ಗ್ರಂಥಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನೂ, ನೀವು ತಿದ್ದಿ ಸಿದ್ಧಪಡಿಸುವ ಕನ್ನಡ ಪಾಠಗಳನ್ನೂ ಧರ್ಮಕೇಂದ್ರದ ಸ್ವತ್ತಾಗಿ ಬೇರೆಯೇ ಇರಿಸಿ, ಎರಡು ಪ್ರತಿ ತೆಗೆದಿಡಬೇಕು.

ಆದ್ಯತೆಯ ಪಟ್ಟಿಯನ್ನೂ ಗುರುತುಚೀಟಿಗಳ ಅರ್ಥವನ್ನೂ ಕಾಗದದ ಮೇಲೆ ಬರೆಯಿಸಿದ್ದೇವೆ. ಅದು ಜ್ಞಾನಸ್ನಾನದ ದಾಖಲೆ ಪುಸ್ತಕಗಳಿರುವ ಕಪಾಟಿನಲ್ಲೇ, ಮೇಲಿನ ಹಲಗೆಯ ಮೇಲಿದೆ. ಮುಂದೆ ಬರುವ ಗುರುಗಳು ಅದರ ಕ್ರಮವನ್ನು ಬದಲಿಸಬಯಸಿದರೆ ಬದಲಿಸಲೆಂದು ಎದುರು ಪುಟವನ್ನು ಖಾಲಿ ಬಿಟ್ಟಿದೆ.