ಹಸುವಿಗೆ ಲಸಿಕೆ ಆಯಿತು, ನಮಗೆ?



ದಿನಾ ಎರಡು ಹೊತ್ತು ಡೇರಿ ಮುಂದೆ ನಿಂತು ಹಾಲಿನ ಫ್ಯಾಟ್ ಎಷ್ಟು ಬಂತು ಎಂದು ಜಗಳವಾಡುವವರು ನಾವು. ಕಾಲುಬಾಯಿ ಜ್ವರದ ಲಸಿಕೆಗೆ ಆರು ತಿಂಗಳಿಗೊಮ್ಮೆ ಹಸು ಹಿಡಿದು ನಿಲ್ಲುತ್ತೇವೆ. ನಮ್ಮ ಬಿ.ಪಿ. ಎಷ್ಟು ಅಂದರೆ ಮಾತ್ರ ಗೊತ್ತಿಲ್ಲ!

ನಮ್ಮ ಅಣ್ಣನೂ ಹಾಗೇ. “ಗುಂಡುಕಲ್ಲಿದ್ದಂಗೆ ಇದೀನಿ, ನಂಗೇನು ರೋಗ” ಅನ್ನೋನು. ಗದ್ದೆ ಬದುವಿನ ಮೇಲೆ ಲಕ್ವ ಹೊಡೆದ ದಿನವೇ ಮೊದಲ ಸಲ ಅವನ ಬಿ.ಪಿ. ನೋಡಿದ್ದು. ಈಗ ಎಡಗೈಯಲ್ಲಿ ಊಟ ಮಾಡುತ್ತಾನೆ. ತಲೆ ಸುತ್ತಿದರೆ ನೋಡಿಸೋಣ ಅಂದರೆ ಆಗದು, ಬಿ.ಪಿ. ಹೇಳಿಕೇಳಿ ಬರುವುದಿಲ್ಲ. 30 ದಾಟಿದವರಿಗೆ ಬಿ.ಪಿ., ಸಕ್ಕರೆ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 2003ರಲ್ಲಿ ಬಂದ ಯಶಸ್ವಿನಿ ಯೋಜನೆ ಸಹಕಾರಿಗಳ ಆಪರೇಷನ್ ಖರ್ಚಿಗೆ ಆಸರೆಯಾಯಿತು, ನಿಜ. ಆದರೆ ಅಲ್ಲಿಯವರೆಗೆ ಯಾಕೆ ಕಾಯಬೇಕು?

ಮಕ್ಕಳಿಗೆ 9 ತಿಂಗಳಿಗೆ ದಡಾರ-ರುಬೆಲ್ಲಾ ಸೂಜಿ ಹಾಕಿಸಿ ತಾಯಿ ಕಾರ್ಡನ್ನು ಟ್ರಂಕಿಗೆ ಹಾಕಿಬಿಡುತ್ತೇವೆ. 16ರಿಂದ 24 ತಿಂಗಳೊಳಗೆ ಎರಡನೆಯದು ಬೇಕು. 5 ವರ್ಷ ತುಂಬಿದ ಮೇಲೆ, ಆಮೇಲೆ 10ಕ್ಕೆ, 16ಕ್ಕೆ ಕೂಡ ಸೂಜಿ ಇದೆ.

ಬಟವಾಡೆ ದಿನ ಸಂಘದ ಜಗಲಿಯಲ್ಲೇ ಬಿ.ಪಿ. ನೋಡಲು ನರ್ಸಮ್ಮನವರು ಒಪ್ಪಿದ್ದಾರೆ. ಪಾಸ್‌ಬುಕ್ ಜೊತೆ ತಾಯಿ ಕಾರ್ಡೂ ತನ್ನಿ. ನಿರ್ದೇಶಕರಾದ ನಾವು ಮೊದಲು ಕೂರುತ್ತೇವೆ.