ಚಿತ್ರ ಬರೆಯುವ ಮಗುವಿಗೂ ದಾರಿಯಿದೆ



‘ಚಿತ್ರ ಬರೆದರೆ ಹೊಟ್ಟೆ ತುಂಬೀತೇ?’ ಎಂದು ತಾವು ಕೇಳುವುದು ಸಹಜ. ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರಕಾರಿ ಚಿತ್ರಕಲಾ ಪರೀಕ್ಷೆಗಳಿವೆ. ಇಂಟರ್‌ಮೀಡಿಯೆಟ್ ಪಾಸಾದವರಿಗೆ 10ನೆಯ ತರಗತಿಯಲ್ಲಿ ಹೆಚ್ಚುವರಿ ಅಂಕಗಳೂ ದೊರೆಯುತ್ತವೆ. ಮುಂದೆ ಎ.ಟಿ.ಡಿ. ಎಂಬ ಕಲಾ ಶಿಕ್ಷಕರ ಡಿಪ್ಲೊಮಾ ಮುಗಿಸಿದವರು ಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಬಹುದು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು.

ಹುದ್ದೆ ಸುಲಭವಾಗಿ ಸಿಗುವುದೆಂದು ನಾನು ಹೇಳಲಾರೆ. ಆದರೆ ನಮ್ಮ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರನ್ನೇ ಕೊಡಿರೆಂದು ನಾವು ಕೇಳುವಾಗ, ಅರ್ಹತೆ ಪಡೆದ ಕನ್ನಡಿಗರೇ ಇಲ್ಲದಿದ್ದರೆ ಆ ಬೇಡಿಕೆಗೆ ಬಲವೆಲ್ಲಿ? ಆದ್ದರಿಂದ ಮಗುವಿನ ಕೈಯಿಂದ ಕುಂಚ ಕಸಿಯಬೇಡಿರಿ. ಈ ವರ್ಷವೇ ಪರೀಕ್ಷೆಗೆ ಹೆಸರು ಕೊಡಿಸಿರಿ.