ಎತ್ತರವಲ್ಲ, ಬೆನ್ನು

1943ರಲ್ಲಿ ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾ ರೂಪಿಸಿದ ರೆಗ್ಯುಲೇಟರ್ ಡೈವರ್ ಎಳೆದುಕೊಂಡಾಗ ಮಾತ್ರ, ಎಳೆದುಕೊಂಡಷ್ಟೇ ಗಾಳಿ ಕೊಡುತ್ತಿತ್ತು. ಯಂತ್ರ ದೇಹದ ಮಾತು ಕೇಳಬೇಕೆಂಬುದೇ ಸ್ಕೂಬಾದ ಮೂಲತತ್ತ್ವ. ರೆಗ್ಯುಲೇಟರಿಗೆ ಗಾಳಿ ಒದಗಿಸುವ ಸಿಲಿಂಡರ್ ಮಾತ್ರ ಯಾವ ದೇಹದ ಮಾತನ್ನೂ ಕೇಳಲಿಲ್ಲ. ಕುಳ್ಳಗಿನವರ ಸಲಕರಣೆ ಎಂದೊಡನೆ ನಾವು ‘ಸ್ಮಾಲ್’ ಚೀಟಿಯ ಬಿಸಿಡಿ (ತೇಲುವಿಕೆ ಹೊಂದಿಸುವ ಜಾಕೆಟ್), ವೆಟ್‌ಸೂಟ್, ಫಿನ್ ತೋರಿಸಿ ಸುಮ್ಮನಾಗುತ್ತೇವೆ. ಸಡಿಲ ವೆಟ್‌ಸೂಟಿನಲ್ಲಿ ನೀರು ಓಡಾಡಿ ಮೈ ಬೇಗ ತಣ್ಣಗಾಗುವ ಬಗೆಯನ್ನು ಇಲ್ಲಿರುವ ಶರೀರಶಾಸ್ತ್ರಜ್ಞರು ನನಗಿಂತ ಚೆನ್ನಾಗಿ ಬಲ್ಲರು. ಮಾಸ್ಕ್, ಫಿನ್‌ಗಳ ಮಾತು ಮಧ್ಯಾಹ್ನದ ಗೋಷ್ಠಿಯಲ್ಲಿದೆ. ನನ್ನ ತಕರಾರು ಬೆನ್ನಿನದು.

ವ್ಯಾಪಕ ಬಳಕೆಯಲ್ಲಿರುವ ‘ಅಲ್ಯುಮಿನಿಯಂ 80’ ಸಿಲಿಂಡರಿನ ಉದ್ದ ವಾಲ್ವ್ ಬಿಟ್ಟು ಸುಮಾರು 66 ಸೆಂಟಿಮೀಟರ್. ಮುಂಡ ಗಿಡ್ಡವಿದ್ದವರ ಬೆನ್ನಿಗೆ ಅದನ್ನು ಕಟ್ಟಿ ನೋಡಿ. ಮೇಲಕ್ಕೆ ಸರಿಸಿದರೆ ತಲೆಯೆತ್ತಿದಾಗ ಹಿಂದಲೆ ವಾಲ್ವಿನ ಮೇಲೆ ಕೂರುವ ರೆಗ್ಯುಲೇಟರಿನ ಫಸ್ಟ್ ಸ್ಟೇಜಿಗೆ ಬಡಿಯುತ್ತದೆ. ಕೆಳಕ್ಕಿಳಿಸಿದರೆ ಬುಡ ಪೃಷ್ಠಕ್ಕೆ ಒತ್ತುತ್ತದೆ. ಪಟ್ಟಿ ಎಷ್ಟು ಬಿಗಿದರೂ ಉದ್ದ ಕಡಿಮೆಯಾಗದು. ನೀರಿನಲ್ಲಿ ಭಾರವೇ ಇಲ್ಲವಲ್ಲ ಎನ್ನುವವರಿದ್ದಾರೆ. ಭಾರ ಹೋದರೂ ಓಲಾಟ ಹೋಗುವುದಿಲ್ಲ. ತುಂಬಿದ ಸಿಲಿಂಡರಿನಲ್ಲಿ ಗಾಳಿಯೇ ಎರಡೂವರೆ ಕಿಲೋದಷ್ಟಿರುತ್ತದೆ. ಅದು ಖರ್ಚಾದಂತೆ ಅಲ್ಯುಮಿನಿಯಂ ತೇಲತೊಡಗಿ, ಸೊಂಟದಾಚೆ ಚಾಚಿದ ಬುಡ ಮೇಲೆದ್ದು, ಡೈವರ್ ತಲೆ ಕೆಳಗಾಗಿ ವಾಲುತ್ತಾರೆ. ಆಗ ಇನ್ನಷ್ಟು ಸೀಸ ಕಟ್ಟಿಸುತ್ತೇವೆ. ತಪ್ಪು ಸಿಲಿಂಡರಿನದು, ದಂಡ ದೇಹಕ್ಕೆ. ಇನ್ನು ನೇತ್ರಾಣಿ ದ್ವೀಪದ ಬಳಿ ಡೈವ್ ಮುಗಿಸಿ ದೋಣಿಯ ಏಣಿ ಹತ್ತುವಾಗ ಆ ಭಾರವೂ ಬೆನ್ನಿಗೆ ಮರಳುತ್ತದೆ.

ಗಿಡ್ಡ ಸಿಲಿಂಡರಿನಲ್ಲಿ ಗಾಳಿ ಕಡಿಮೆ ಎಂಬುದು ಗಟ್ಟಿ ಆಕ್ಷೇಪ, ಲೆಕ್ಕ ಹಾಕೋಣ. 200 ಬಾರ್ ತುಂಬಿ 50 ಬಾರ್ ಉಳಿಸಿದರೆ 11 ಲೀಟರಿನ ಉದ್ದ ಸಿಲಿಂಡರ್ ಬಳಕೆಗೆ 1650 ಲೀಟರ್ ಗಾಳಿ ಕೊಡುತ್ತದೆ, 9 ಲೀಟರಿನ ಗಿಡ್ಡದ್ದು 1350. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, ಹಾಗಾಗಿ ಗಾಳಿಯ ಖರ್ಚೂ ಇಮ್ಮಡಿ. ನೀರಿನ ಮೇಲ್ಮೈಯಲ್ಲಿ ನಿಮಿಷಕ್ಕೆ 15 ಲೀಟರ್ ಉಸಿರಾಡುವವರಿಗೆ ಮೊದಲನೆಯದು 55 ನಿಮಿಷ ಬಂದರೆ, 12 ಲೀಟರ್ ಸಾಕಾಗುವವರಿಗೆ ಎರಡನೆಯದು 56 ನಿಮಿಷ ಬರುತ್ತದೆ. ಚಿಕ್ಕ ಮೈಯವರೆಲ್ಲ ಕಡಿಮೆ ಉಸಿರಾಡುತ್ತಾರೆಂದಲ್ಲ. ಜೊತೆಗಾರರಿಗೆ ತುರ್ತಿನಲ್ಲಿ ಹಂಚುವ ಗಾಳಿಯೂ ಗಿಡ್ಡ ಸಿಲಿಂಡರಿನಲ್ಲಿ ಕಡಿಮೆ. ಆದ್ದರಿಂದ ಪ್ರತಿಯೊಬ್ಬರ ಬಳಕೆಯನ್ನು ಅಳೆದು, ಉಳಿಕೆಯನ್ನು ಹೆಚ್ಚಿಸಿ ಡೈವ್ ಯೋಜಿಸಬೇಕು. ಅದು ಯೋಜನೆಯ ಕೆಲಸ. ಉದ್ದದ ಸಿಲಿಂಡರ್ ಹೊರಿಸಲು ನೆಪವಲ್ಲ.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಬೇರೆಯೇ ಇದೆ: ಬೆನ್ನನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಚಾರಣದ ಚೀಲ ಕೊಳ್ಳುವವರು ಕತ್ತಿನ ಬುಡದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಅಳೆಯುತ್ತಾರೆ. ಆದರೆ ಚಾರಣಿಗ ನಿಂತಿರುತ್ತಾನೆ. ಡೈವರ್ ಬೋರಲಾಗಿ ಮಲಗಿ ಕತ್ತೆತ್ತಿರುತ್ತಾರೆ. ನೆಲದ ಮೇಲಿನ ಅಳತೆ ನೀರಿನಲ್ಲಿ ಎಷ್ಟು ನಿಜ? ಉತ್ತರ ನನ್ನಲ್ಲಿಲ್ಲ, ಅದನ್ನು ಈ ಗೋಷ್ಠಿಗೆ ಒಪ್ಪಿಸುತ್ತಿದ್ದೇನೆ. ಅಲ್ಲಿಯವರೆಗೆ ಡೈವ್ ಸೆಂಟರ್ ನಡೆಸುವವರಲ್ಲಿ ಒಂದೇ ವಿನಂತಿ: ನಾಲ್ಕಾದರೂ ಗಿಡ್ಡ ಸಿಲಿಂಡರ್ ಇಟ್ಟುಕೊಳ್ಳಿ, ಬಂದವರ ಎತ್ತರ ಕೇಳುವ ಮೊದಲು ಬೆನ್ನಿಗೆ ಟೇಪ್ ಹಿಡಿಯಿರಿ.